ಹೋಟೆಲಿನ ಸಾಂಬಾರಿಗೆ ನೆರೆಗದ್ದೆಯ ಕಾಯಿಪಲ್ಯ

ಬೆಳಗಿನ ಜಾವದ ನಾಲ್ಕು ಗಂಟೆಗೆ ಎರ್ನಾಕುಲಂ ಮಾರುಕಟ್ಟೆಯ ಮುಂದೆ ಲಾರಿಗಳ ಸಾಲು ನಿಂತಿರುತ್ತದೆ. ತಿರುವನಂತಪುರದ ಚಾಲೆ ಪೇಟೆಯಲ್ಲಿಯೂ ಅದೇ ಹೊತ್ತಿಗೆ ಮೂಟೆಗಳು ಇಳಿಯುತ್ತಿರುತ್ತವೆ. ಆ ದೀಪದ ಬೆಳಕಿನಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸಾಮಾನಿನ ಚೀಟಿ ಹಿಡಿದು ನಿಂತವರಲ್ಲಿ ನಮ್ಮ ಕನ್ನಡ ಸೋದರರೂ ಇರುವುದುಂಟು. ಟೊಮೆಟೊ ಇಷ್ಟು, ಬೀನ್ಸು ಇಷ್ಟು, ಕೋಸು ಇಷ್ಟು, ಕೊತ್ತಂಬರಿ ಸೊಪ್ಪು ಇಷ್ಟು ಕಟ್ಟು ಎಂದು ಎಣಿಸಿ ತರುವ ಈ ಕೆಲಸವನ್ನು ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು ದೊಡ್ಡದೆಂದು ತಿಳಿಯುವುದಿಲ್ಲ; ಮಾಡುವವರೂ ತಿಳಿಯುವುದಿಲ್ಲ. ಆದರೆ ಒಂದು ನಗರವು ಏನನ್ನು ಉಣ್ಣುತ್ತದೆ, ಆ ನಗರದ ಸುತ್ತಲಿನ ಗದ್ದೆಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಮಣ್ಣು ತುಂಬಿ ಕಟ್ಟಡವಾಗುತ್ತದೆ ಎಂಬುದು ಬಹುಮಟ್ಟಿಗೆ ಈ ಚೀಟಿಯಿಂದಲೇ ನಿಶ್ಚಯವಾಗುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಮನೆಯೊಂದಕ್ಕೆ ದಿನಕ್ಕೆ ಅರ್ಧ ಕಿಲೋ ಕಾಯಿಪಲ್ಯ ಸಾಕು. ಹೋಟೆಲಿಗೆ ಬೇಕಾಗುವುದು ಹತ್ತಾರು ಕಿಲೋ. ಆದ್ದರಿಂದ ಈ ವಿಚಾರವನ್ನು ಮೊದಲು ನಮ್ಮ ಹೋಟೆಲು ಸೋದರರ ಮುಂದೆಯೂ, ಅನಂತರ ಬ್ಯಾಂಕು ಕಛೇರಿಗಳಲ್ಲಿ ದುಡಿಯುವ ಗುಮಾಸ್ತ ಬಂಧುಗಳ ಮುಂದೆಯೂ ಇಡಬಯಸುತ್ತೇವೆ.

ಲಾರಿ ಬರುವ ದಾರಿ

ಕೇರಳವು ಹಸುರಾದ ನಾಡು. ಆದರೂ ತನ್ನ ಅನ್ನವನ್ನೂ ತರಕಾರಿಯನ್ನೂ ಬಹಳ ಮಟ್ಟಿಗೆ ಹೊರಗಿನಿಂದ ತರಿಸಿಕೊಳ್ಳುವ ನಾಡು. ಅಕ್ಕಿ ಆಂಧ್ರದಿಂದಲೂ ತಮಿಳುನಾಡಿನಿಂದಲೂ ಬರುತ್ತದೆ. ತರಕಾರಿ ತಮಿಳುನಾಡಿನ ಒಟ್ಟನ್‌ಛತ್ರದಂಥ ಪೇಟೆಗಳಿಂದಲೂ, ನಮ್ಮ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಕಡೆಯಿಂದಲೂ ಬರುತ್ತದೆ. ಗುಂಡ್ಲುಪೇಟೆಯಿಂದ ವಯನಾಡಿಗೆ ಇಳಿಯುವ ಹೆದ್ದಾರಿ ಬಂಡೀಪುರದ ಕಾಡಿನ ನಡುವೆ ಹಾಯ್ದು ಬರುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರ ವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಒಂದು ಗೇಟು ಮುಚ್ಚುವ ಮುನ್ನ ಲಾರಿ ದಾಟಿತೋ ಇಲ್ಲವೋ ಎಂಬುದರ ಮೇಲೆ ಮರುದಿನದ ಸಾಂಬಾರು ನಿಂತಿದೆಯೆಂದು ಊಟಕ್ಕೆ ಕುಳಿತ ಗಿರಾಕಿಗೆ ತಿಳಿಯದು. ಅಡಿಗೆಯ ಭಟ್ಟರಿಗೆ ತಿಳಿದಿರುತ್ತದೆ.

ಕೇರಳದಲ್ಲಿ ಭತ್ತದ ಬೆಳೆಯಿದ್ದ ಭೂಮಿ 1974-75ರಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಾಗಿತ್ತು. ಈಗ ಅದರ ಕಾಲು ಭಾಗದಷ್ಟೂ ಉಳಿದಿಲ್ಲ. ಕೂಲಿ ದುಬಾರಿಯಾಯಿತು, ರಬ್ಬರು ತೆಂಗುಗಳು ಹೆಚ್ಚು ಆದಾಯ ಕೊಟ್ಟವು, ನಗರದ ಅಂಚಿನ ಗದ್ದೆಗಳಿಗೆ ನಿವೇಶನದ ಬೆಲೆ ಬಂದಿತು. ಗದ್ದೆಗೆ ಮಣ್ಣು ತುಂಬುವುದನ್ನು ತಡೆಯಲು 2008ರಲ್ಲಿ ರಾಜ್ಯವು ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆಯ ಕಾಯಿದೆಯನ್ನೇ ಮಾಡಬೇಕಾಯಿತು. ಕಾಯಿದೆ ಗದ್ದೆಯನ್ನು ಕಾಯಬಹುದು. ಗದ್ದೆಯ ಬೆಳೆಯನ್ನು ಕೊಳ್ಳುವವರಿಲ್ಲದಿದ್ದರೆ ರೈತನನ್ನು ಕಾಯಲಾರದು.

ದೂರದ ಲಾರಿಯನ್ನು ಮಾತ್ರ ನಂಬಿದರೆ ಏನಾಗುತ್ತದೆಂಬುದನ್ನು ನಾವು ಎರಡು ಸಾರಿ ಕಂಡೆವು. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ರಸ್ತೆಗಳು ಮುಳುಗಿ, ರೈಲುಗಳು ನಿಂತು, ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. 2020ರ ಮಾರ್ಚಿನಲ್ಲಿ ಮಹಾಮಾರಿಯ ಭಯದಿಂದ ಕರ್ನಾಟಕವು ಗಡಿಯನ್ನು ಮುಚ್ಚಿದಾಗ ಮಾಕುಟ್ಟದ ದಾರಿಯಲ್ಲಿ ಮಣ್ಣಿನ ರಾಶಿ ಬಿದ್ದಿತು, ತಲಪಾಡಿಯಲ್ಲಿ ಸಂಚಾರ ನಿಂತಿತು. ಊರಿಗೆ ಹೋಗಲಾರದೆ, ಇಲ್ಲಿ ಕೆಲಸವೂ ಇಲ್ಲದೆ, ಹೋಟೆಲಿನ ಮಾಳಿಗೆಯ ಮೇಲೆ ದಿನ ಕಳೆದ ನಮ್ಮವರಿಗೆ ಆ ದಿನಗಳು ಮರೆಯುವಂಥವಲ್ಲ. ಅದೇ ವರ್ಷ ಕೇರಳ ಸರ್ಕಾರವು ಪಾಳುಬಿದ್ದ ಭೂಮಿಯಲ್ಲಿ ಆಹಾರ ಬೆಳೆಯುವುದಕ್ಕಾಗಿ ‘ಸುಭಿಕ್ಷ ಕೇರಳಂ’ ಯೋಜನೆಯನ್ನು ಆರಂಭಿಸಿತು. ಅದೇ ವರ್ಷದ ನವೆಂಬರು 1ರಿಂದ ಹದಿನಾರು ಬಗೆಯ ಬೆಳೆಗಳಿಗೆ ತಳಬೆಲೆಯನ್ನೂ ಗೊತ್ತುಮಾಡಿತು. ಉತ್ಪಾದನೆಯ ವೆಚ್ಚದ ಮೇಲೆ ನೂರಕ್ಕೆ ಇಪ್ಪತ್ತು ಸೇರಿಸಿ ಆಗ ನಿಶ್ಚಯಿಸಿದ ಬೆಲೆಯಲ್ಲಿ ಮರಗೆಣಸಿಗೆ ಕಿಲೋ ಒಂದಕ್ಕೆ 12 ರೂಪಾಯಿ, ನೇಂದ್ರ ಬಾಳೆಗೆ 30, ಸೌತೆಗೆ 8, ಬೂದುಗುಂಬಳಕ್ಕೆ 9 ರೂಪಾಯಿ ಎಂದಿತ್ತು.

ಕೊಚ್ಚಿಯ ಮಗ್ಗುಲಿನ ಉಪ್ಪುನೀರಿನ ಗದ್ದೆ

ಕುಮಟೆಯ ಕಡೆಯ ವಾಚಕರಿಗೆ ಅಘನಾಶಿನಿಯ ಗಜನಿ ಭೂಮಿಯೂ, ಅಲ್ಲಿ ಬೆಳೆಯುವ ಕಗ್ಗ ಭತ್ತವೂ ತಿಳಿದೇ ಇರುತ್ತವೆ. ಅದರ ಸೋದರನನ್ನು ನೋಡಬೇಕಾದರೆ ಎರ್ನಾಕುಲದಿಂದ ಬಹಳ ದೂರ ಹೋಗಬೇಕಾಗಿಲ್ಲ. ಕಡಮಕ್ಕುಡಿ, ವೈಪಿನ್, ಏಳಿಕ್ಕರಗಳ ಕಡೆ ಹಿನ್ನೀರಿನ ಅಂಚಿನಲ್ಲಿ ಬೆಳೆಯುವ ಪೊಕ್ಕಾಳಿ ಭತ್ತವೇ ಅದು.

ಅದರ ಬೇಸಾಯದ ಕ್ರಮ ಕೇಳುವಂಥದು. ಬೇಸಗೆಯಲ್ಲಿ ಗದ್ದೆಯ ಉಪ್ಪುನೀರನ್ನು ತೂಬಿನ ಮೂಲಕ ಹೊರಬಿಟ್ಟು, ಕೆಸರನ್ನು ಗುಪ್ಪೆಗುಪ್ಪೆಯಾಗಿ ಎತ್ತಿ ಒಣಗಲು ಬಿಡುತ್ತಾರೆ. ಮುಂಗಾರಿನ ಮಳೆ ಆ ಗುಪ್ಪೆಗಳ ಉಪ್ಪನ್ನು ತೊಳೆಯುತ್ತದೆ. ಜೂನಿನಲ್ಲಿ ಮೊಳಕೆ ಬರಿಸಿದ ಬೀಜವನ್ನು ಗುಪ್ಪೆಯ ಮೇಲೆ ಬಿತ್ತಿ, ಸಸಿ ಒಂದಿಷ್ಟು ಬೆಳೆದ ಬಳಿಕ ಗುಪ್ಪೆಯನ್ನೇ ಕಡಿದು ಸುತ್ತಲೂ ಹರಡುತ್ತಾರೆ. ಆಳೆತ್ತರ ಬೆಳೆದ ಪೈರಿನ ತೆನೆಯನ್ನು ಮಾತ್ರ ಅಕ್ಟೋಬರು ನವೆಂಬರಿನಲ್ಲಿ ಕೊಯ್ಯುತ್ತಾರೆ; ಹುಲ್ಲು ನೀರಿನಲ್ಲಿಯೇ ಕೊಳೆಯುತ್ತದೆ. ಆಮೇಲೆ ತೂಬು ತೆರೆದರೆ ಸಮುದ್ರದ ಉಬ್ಬರದೊಡನೆ ಸೀಗಡಿಯ ಮರಿಗಳು ಒಳಗೆ ಬರುತ್ತವೆ. ಕೊಳೆತ ಹುಲ್ಲಿನ ಆಸರೆಯಲ್ಲಿ ಅವು ಏಪ್ರಿಲಿನ ವರೆಗೆ ಬೆಳೆಯುತ್ತವೆ. ಸೀಗಡಿ ಬಿಟ್ಟುಹೋದ ಸಾರ ಮುಂದಿನ ಭತ್ತಕ್ಕೆ ಗೊಬ್ಬರ. ಹೊರಗಿನಿಂದ ರಸಗೊಬ್ಬರವಿಲ್ಲ, ಕೀಟನಾಶಕವಿಲ್ಲ. ವಿಷ ಹಾಕಿದರೆ ಸೀಗಡಿಯೇ ಸಾಯುವುದರಿಂದ ಹಾಕುವ ಹಾಗೂ ಇಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ವೈಟ್ಟಿಲ ಭತ್ತ ಸಂಶೋಧನ ಕೇಂದ್ರವು ಈ ಭೂಮಿಗೆ ಒಗ್ಗುವ ತಳಿಗಳನ್ನು ಸಿದ್ಧಪಡಿಸಿ ಕೊಟ್ಟಿದೆ. ಪೊಕ್ಕಾಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿದೆ.

ಇಷ್ಟಾದರೂ ಒಂದು ಕಾಲದಲ್ಲಿ ಸುಮಾರು 25 ಸಾವಿರ ಹೆಕ್ಟೇರಿನಲ್ಲಿದ್ದ ಪೊಕ್ಕಾಳಿ ಇಂದು ಅದರ ಅತ್ಯಲ್ಪ ಭಾಗಕ್ಕೆ ಇಳಿದಿದೆ. ಸೊಂಟದ ವರೆಗೆ ಕೆಸರಿನಲ್ಲಿ ನಿಂತು ಕೊಯ್ಯುವ ಹೆಂಗಸರು ಈಗ ಕಡಿಮೆ, ಆ ಕೆಸರಿಗೆ ಯಂತ್ರ ಇಳಿಯದು. ಭತ್ತವನ್ನು ಬಿಟ್ಟು ವರ್ಷವಿಡೀ ಸೀಗಡಿಯನ್ನೇ ಬೆಳೆದರೆ ಲಾಭ ಹೆಚ್ಚೆಂದು ಭೂಮಿಯ ಒಡೆಯರಿಗೆ ತೋರುತ್ತದೆ. ಏಳಿಕ್ಕರದ ಪಳ್ಳಿಯಾಕ್ಕಲ್ ಸೇವಾ ಸಹಕಾರಿ ಬ್ಯಾಂಕು ರೈತರಿಗೆ ಸಾಲ ಕೊಡುವುದಷ್ಟಕ್ಕೆ ನಿಲ್ಲದೆ, ಅವರ ಬೆಳೆಯನ್ನು ಕೊಂಡು ಮಾರುವ ಹೊಣೆಯನ್ನೂ ಹೊತ್ತು ಈ ಬೇಸಾಯಕ್ಕೆ ಆಸರೆಯಾಗಿದೆ. ಬ್ಯಾಂಕಿನಲ್ಲಿ ದುಡಿಯುವ ನಮ್ಮ ಬಂಧುಗಳು ಈ ನಿದರ್ಶನವನ್ನು ಗಮನಿಸಬೇಕು.

ಕೊಚ್ಚಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೋದರೆ ಚೇರ್ತಲೆಯ ಬಳಿ ಕಂಜಿಕುಳಿ ಪಂಚಾಯತಿ ಸಿಗುತ್ತದೆ. ನೆಲವೆಲ್ಲ ಬರಿಯ ಮರಳು. ಆ ಮರಳಿನಲ್ಲಿ 1990ರ ದಶಕದ ನಡುವಿನಲ್ಲಿ ಪಂಚಾಯತಿಯೇ ಮುಂದೆ ನಿಂತು ಮನೆಮನೆಗೆ ಕಾಯಿಪಲ್ಯದ ಬೇಸಾಯವನ್ನು ಹಬ್ಬಿಸಿತು. ಸೆಗಣಿ, ಬೂದಿ, ಕೋಳಿಗೊಬ್ಬರಗಳಿಂದ ಬೆಳೆದ ಹರಿವೆ, ಅಲಸಂದೆ, ಸೌತೆಗಳನ್ನು ಅಲ್ಲಿನವರು ಹೆದ್ದಾರಿಯ ಬದಿಯಲ್ಲಿಯೇ ಮಾರುತ್ತಾರೆ. ಅಲ್ಲಿನ ಉದ್ದ ಅಲಸಂದೆಯ ತಳಿಗೆ ಊರಿನ ಹೆಸರೇ ನಿಂತಿದೆ.

ತಿರುವನಂತಪುರದಲ್ಲಿ

ರಾಜಧಾನಿಯ ಚಾಲೆ ಪೇಟೆಯನ್ನು ತಿರುವಿತಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದರು. ಇಂದೂ ಆ ಪೇಟೆಯ ಹಾದಿ ಹಿಡಿಯದೆ ನಗರದ ಅಡಿಗೆ ನಡೆಯದು. ಆದರೆ ಊರಿನ ರೈತನ ಮಾಲನ್ನೇ ಹುಡುಕುವವರಿಗೆ ಬೇರೆ ಜಾಗಗಳೂ ಇವೆ. ಆನಯರದಲ್ಲಿ ಕೃಷಿ ಇಲಾಖೆಯ ಸಗಟು ಮಾರುಕಟ್ಟೆಯಿದೆ; ಕೊಚ್ಚಿಯವರಿಗೆ ಇಂಥದೇ ಮಾರುಕಟ್ಟೆ ಮರಡಿನಲ್ಲಿದೆ. ರಾಜ್ಯದ ತರಕಾರಿ ಮತ್ತು ಹಣ್ಣುಗಳ ಅಭಿವೃದ್ಧಿ ಮಂಡಲಿಯ ಆಸರೆಯಲ್ಲಿ ರೈತರು ತಾವೇ ಸಮಿತಿ ಕಟ್ಟಿಕೊಂಡು ಗ್ರಾಮಗಳಲ್ಲಿ ಸಂತೆ ನಡೆಸುತ್ತಾರೆ. ಹತ್ತು ಮನೆಗಳ ಹತ್ತು ಬುಟ್ಟಿ ಅಲ್ಲಿ ಒಂದು ರಾಶಿಯಾಗುತ್ತದೆ. ಹೋಟೆಲಿಗೆ ಬೇಕಾದ ಪ್ರಮಾಣ ಸಿಗುವುದು ಇಂಥ ಕಡೆಯಲ್ಲಿ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೆಂಗಸರ ಗುಂಪುಗಳು ಗೇಣಿಗೆ ಭೂಮಿ ಹಿಡಿದು ಬೆಳೆಯುತ್ತವೆ. ಅವರ ಸಂತೆಗಳು ಎರಡು ನಗರಗಳಲ್ಲಿಯೂ ನಡೆಯುತ್ತವೆ. ‘ತಣಲ್’ ಎಂಬ ಸಂಸ್ಥೆ 2003ರಲ್ಲಿ ತಿರುವನಂತಪುರದಲ್ಲಿ ಸಾವಯವ ಬಜಾರನ್ನು ತೆರೆದು, ರೈತನನ್ನೂ ಕೊಳ್ಳುವವನನ್ನೂ ಎದುರುಬದುರು ನಿಲ್ಲಿಸಿತು.

ನಗರದ ಹೊರವಲಯದ ವೆಳ್ಳಾಯಣಿಯ ಕೃಷಿ ಕಾಲೇಜಿನಲ್ಲಿ ಒಂದು ಪ್ರಯೋಗಶಾಲೆಯಿದೆ. ಪೇಟೆಯಲ್ಲಿ ಮಾರುವ ಕಾಯಿಪಲ್ಯಗಳಲ್ಲಿ ಕೀಟನಾಶಕದ ಶೇಷ ಎಷ್ಟಿದೆಯೆಂದು ಪರೀಕ್ಷಿಸಿ ಅದು ವರದಿಗಳನ್ನು ಪ್ರಕಟಿಸಿದೆ. ನಾವು ಒಗ್ಗರಣೆಗೆ ಹಿಡಿಹಿಡಿಯಾಗಿ ಹಾಕುವ ಕರಿಬೇವಿನ ಸೊಪ್ಪು ಆ ವರದಿಗಳಲ್ಲಿ ಮತ್ತೆಮತ್ತೆ ಹೆಸರಿಸಲ್ಪಟ್ಟಿದೆಯೆಂದರೆ ಅಡಿಗೆಯವರು ಒಂದು ಗಳಿಗೆ ನಿಲ್ಲಬೇಕು. ಹೋಟೆಲಿನ ಹಿತ್ತಲಲ್ಲಿ, ಮಾಳಿಗೆಯ ಮೇಲಿನ ಡಬ್ಬಿಯಲ್ಲಿ, ಎಲ್ಲಿಯಾದರೂ ಬೆಳೆಯುವ ಗಿಡವದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳುಮಾಡಲು ಇದಕ್ಕಿಂತ ಸುಲಭದ ಸಂದರ್ಭ ಸಿಗದು. ಪೇಟೆಯಿಂದ ತಂದ ಸೊಪ್ಪು ಕಾಯಿಗಳನ್ನು ಹುಣಿಸೆಹಣ್ಣಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು, ಆಮೇಲೆ ಶುದ್ಧ ನೀರಿನಲ್ಲಿ ಎರಡು ಮೂರು ಸಾರಿ ತೊಳೆಯುವ ಪದ್ಧತಿಯನ್ನು ಎಲ್ಲ ಅಡಿಗೆಮನೆಗಳೂ ಇಟ್ಟುಕೊಳ್ಳಬಹುದು. ಮೇಲಿನ ವಿಷ ಬಹುಮಟ್ಟಿಗೆ ಹೋಗುತ್ತದೆ. ಒಳಗೆ ಇಳಿದದ್ದು ತೊಳೆದರೆ ಹೋಗದು.

ಎಣ್ಮಕಜೆ ಕಲಿಸಿದ ಪಾಠ

ವಿಷದ ಮಾತು ಬಂದಾಗ ಕನ್ನಡಿಗರಾದ ನಮಗೆ ಹೊರಗಿನ ಉದಾಹರಣೆ ಬೇಕಾಗಿಲ್ಲ. ಇದೇ ಕೇರಳದ ಉತ್ತರದ ತುದಿಯಲ್ಲಿ, ಕನ್ನಡ ತುಳುಗಳನ್ನಾಡುವ ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಹಳ್ಳಿಗಳಿವೆ. ಅಲ್ಲಿನ ಗುಡ್ಡಗಳ ಮೇಲಿದ್ದ ಸರ್ಕಾರಿ ತೋಟ ನಿಗಮದ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದಿಂದ ಇಳಿಯುವ ಸುರಂಗದ ನೀರನ್ನೇ ಕುಡಿದ ಮನೆಗಳಲ್ಲಿ ಅಂಗವಿಕಲರಾಗಿ, ಬುದ್ಧಿಮಾಂದ್ಯರಾಗಿ ಮಕ್ಕಳು ಹುಟ್ಟಿದರು. ಅದೇ ಊರಿನ ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು, ಇತರರು ಇನ್ನೂ ಕಣ್ಣು ತೆರೆಯದ ದಿನಗಳಲ್ಲಿ ಇದನ್ನು ಕುರಿತು ಬರೆದರು. ಆ ವಿಷವನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ತಡೆಯಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ರಾಜ್ಯ ಸರ್ಕಾರಕ್ಕೆ ಅಪ್ಪಣೆ ಮಾಡಿತು. ಸಿಂಪಡಿಸಿದ್ದು ಗೇರುಮರಕ್ಕೆ, ಉಂಡವರು ತೋಟದ ಕೆಳಗಿನ ಬಡವರು. ಬೆಳೆಗೆ ಏನು ಹಾಕುತ್ತಾರೆಂಬುದನ್ನು ಕೊಳ್ಳುವವನು ಕೇಳಬೇಕಾದುದು ತನ್ನ ಹೊಟ್ಟೆಯ ಸಲುವಾಗಿ ಮಾತ್ರವೇ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಅಡಿಗೆಮನೆಯ ಕಷ್ಟಗಳು

ಇಷ್ಟನ್ನು ಓದಿದ ಹೋಟೆಲಿನ ಸೋದರರು ‘ಸ್ವಾಮಿ, ಹೇಳುವುದು ಸುಲಭ’ ಎಂದಾರು. ಅವರ ಮಾತಿನಲ್ಲಿ ಸತ್ಯವಿದೆ. ಪೇಟೆಯ ವ್ಯಾಪಾರಿ ತಿಂಗಳ ಉದ್ರಿ ಕೊಡುತ್ತಾನೆ. ರೈತನಿಗೆ ಅಂದೇ ನಗದು ಬೇಕು. ವ್ಯಾಪಾರಿಯಲ್ಲಿ ಬೇಕಾದಷ್ಟು, ಬೇಕಾದ ದಿನ ಒಂದೇ ಬಗೆಯ ಮಾಲು ಸಿಗುತ್ತದೆ. ರೈತನಲ್ಲಿ ಇಂದು ರಾಶಿ, ನಾಳೆ ಇಲ್ಲ.

ಎರ್ನಾಕುಲದ ಹೋಟೆಲೊಂದರಲ್ಲಿ ಬಹುಕಾಲದಿಂದ ಅಡಿಗೆ ಮಾಡುತ್ತಿರುವ, ಕುಂದಾಪುರದ ಕಡೆಯ ಭಟ್ಟರೊಬ್ಬರು ನಮ್ಮೊಡನೆ ಹೇಳಿದುದನ್ನು ಇಲ್ಲಿ ಬರೆಯುವುದು ಉಚಿತ. ಸಾಂಬಾರಿಗೆ ಬೀನ್ಸು ಕ್ಯಾರೆಟ್ಟಿನ ಬದಲು ಊರಿನ ಸೌತೆ, ಸುವರ್ಣಗೆಡ್ಡೆಗಳನ್ನು ಹಾಕೋಣವೆಂದು ಅವರು ಯಜಮಾನರಿಗೆ ಸೂಚಿಸಿದರಂತೆ.

‘ಭಟ್ರೇ, ಗಿರಾಕಿಗಳು ಒಪ್ಪುತ್ತಾರೆಯೇ?’ ಎಂದು ಯಜಮಾನರು ಕೇಳಿದರು.

‘ಒಪ್ಪದೆ ಏನು ಧಣಿ? ಅವರ ಮನೆಯಲ್ಲಿ ಅಜ್ಜಿಯಂದಿರು ಮಾಡುತ್ತಿದ್ದುದು ಅದನ್ನೇ. ವಾರಕ್ಕೆ ಎರಡು ದಿನ ನೋಡುವ’ ಎಂದರು ಭಟ್ಟರು.

ಮೊದಲ ವಾರ ಜೋರು ಮಳೆ ಬಂದು ಮಾಲು ಬರಲೇ ಇಲ್ಲ. ಒಂಬತ್ತು ಗಂಟೆಗೆ ಪೇಟೆಗೆ ಓಡಬೇಕಾಯಿತು, ಬೈಗುಳವೂ ಸಿಕ್ಕಿತು. ಎರಡನೆಯ ವಾರ ಕೇಳಿದ್ದಕ್ಕಿಂತ ಇಮ್ಮಡಿ ಸೌತೆ ಬಂದಿತು. ಆಮೇಲೆ ಭಟ್ಟರು ಒಂದು ಕ್ರಮ ಮಾಡಿದರು. ಮುಂದಿನ ವಾರಕ್ಕೆ ಏನು ಬರುತ್ತದೆಂದು ರೈತರ ಸಮಿತಿಯವರನ್ನು ಶನಿವಾರವೇ ಕೇಳಿ, ಬರುವ ಕಾಯಿಗೆ ತಕ್ಕಂತೆ ಪಲ್ಯ ಹುಳಿಗಳನ್ನು ಗೊತ್ತುಮಾಡಿದರು. ಕಾಯಿಗೆ ತಕ್ಕ ಅಡಿಗೆಯೇ ಹೊರತು ಅಡಿಗೆಗೆ ತಕ್ಕ ಕಾಯಿಯಲ್ಲ ಎಂದು ಅವರು ನಗುತ್ತ ಹೇಳಿದರು. ಆ ಎರಡು ದಿನಗಳ ಲೆಕ್ಕವನ್ನು ಯಜಮಾನರು ಅಂದಂದೇ ನಗದಾಗಿ ತೀರಿಸುತ್ತಾರೆ. ಉಳಿದ ದಿನಗಳಲ್ಲಿ ಪೇಟೆಯ ಮಾಲೇ ಬರುತ್ತದೆ. ಲಾಭ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಆ ಪದ್ಧತಿ ಮಾತ್ರ ನಿಂತಿದೆ.

ಇದರಲ್ಲಿ ಕರಾವಳಿಯ ಕನ್ನಡಿಗನಿಗೆ ಒಂದು ವಿಶೇಷ ಅನುಕೂಲವಿದೆ. ಮಲಯಾಳಿಯ ಚೀರ ನಮ್ಮ ಹರಿವೆ, ಪಯರ್ ಅಲಸಂದೆ, ಚೇನ ಸುವರ್ಣಗೆಡ್ಡೆ, ಚೇಂಬು ಕೆಸುವಿನ ಗೆಡ್ಡೆ, ಕೋವಯ್ಕ ತೊಂಡೆ, ಕಡಚಕ್ಕ ಜೀಗುಜ್ಜೆ. 2018ರಲ್ಲಿ ಕೇರಳವು ತನ್ನ ರಾಜ್ಯದ ಹಣ್ಣೆಂದು ಘೋಷಿಸಿದ ಹಲಸು ನಮ್ಮ ಗುಜ್ಜೆಯ ಪಲ್ಯಕ್ಕೂ ಹಪ್ಪಳಕ್ಕೂ ಹಳೆಯ ನೆಂಟ. ಇಲ್ಲಿನ ನೆಲದ ಕಾಯಿಗಳಿಂದ ಅಡಿಗೆ ಮಾಡಲು ನಾವು ಹೊಸದಾಗಿ ಕಲಿಯಬೇಕಾದುದು ಏನೂ ಇಲ್ಲ, ಮರೆತದ್ದನ್ನು ನೆನೆದರೆ ಸಾಕು.

ಒಂದು ಸಂದೇಹಕ್ಕೆ ಇಲ್ಲಿಯೇ ಉತ್ತರ ಹೇಳಬೇಕು. ಕೇರಳದವರು ತಮ್ಮ ಕಾಯಿಪಲ್ಯವನ್ನೇ ಉಂಡರೆ ಗುಂಡ್ಲುಪೇಟೆಯ ನಮ್ಮ ರೈತರ ಗತಿಯೇನು? ನೆರೆಯದನ್ನು ಕೊಳ್ಳುವುದೆಂದರೆ ದೂರದ್ದನ್ನು ತಿರಸ್ಕರಿಸುವುದೆಂದು ಅರ್ಥವಲ್ಲ. ಈರುಳ್ಳಿ, ಆಲೂಗೆಡ್ಡೆ, ಉದ್ದು, ತೊಗರಿಗಳು ಹೊರಗಿನಿಂದ ಬರಲೇಬೇಕು. ಬೇಸಗೆಯಲ್ಲಿ ಟೊಮೆಟೊ ಕೂಡ. ಗುಂಡ್ಲುಪೇಟೆಯ ರೈತನಿಗೂ ಬೆಲೆ ಕುಸಿದಾಗ ಟೊಮೆಟೊವನ್ನು ರಸ್ತೆಗೆ ಸುರಿಯುವ ಸ್ಥಿತಿ ಬಾರದಿರಬೇಕಾದರೆ ಮೈಸೂರಿನ, ಚಾಮರಾಜನಗರದ ಹೋಟೆಲುಗಳೂ ಅವನನ್ನು ನೆನೆಯಬೇಕು. ಇಲ್ಲಿ ಏಳಿಕ್ಕರದವನಿಗೆ ಸಲ್ಲುವ ನ್ಯಾಯವೇ ಅಲ್ಲಿ ಅವನಿಗೂ ಸಲ್ಲಬೇಕು.

ಗುಮಾಸ್ತರು ಮಾಡಬಹುದಾದುದು

ಬಾಡಿಗೆಯ ಕೋಣೆಯಲ್ಲಿ ಇಬ್ಬರು ಮೂವರು ಕೂಡಿ ಅಡಿಗೆ ಮಾಡಿಕೊಳ್ಳುವ ಗುಮಾಸ್ತರಿಗೆ ಸಗಟು ಮಾರುಕಟ್ಟೆ ಬೇಡ. ಪ್ರತಿಯೊಂದು ಪಂಚಾಯತಿಯಲ್ಲಿಯೂ ನಗರಸಭೆಯಲ್ಲಿಯೂ ಕೃಷಿಭವನವಿದೆ. ಯಾವ ದಿನ ಎಲ್ಲಿ ರೈತರ ಸಂತೆಯೆಂದು ಅಲ್ಲಿ ವಿಚಾರಿಸಬಹುದು. 2017ರಲ್ಲಿ ಆರಂಭವಾದ ‘ಓಣಕ್ಕೆ ಒಂದು ಮೊರ ಪಚ್ಚಕ್ಕರಿ’ ಎಂಬ ಕಾರ್ಯಕ್ರಮದಲ್ಲಿ ಕೃಷಿಭವನಗಳು ಮನೆಗಳಿಗೆ ಬೀಜ, ಸಸಿಗಳನ್ನು ಹಂಚುತ್ತವೆ. ಮೊರ ಎಂಬ ಮಾತು ಎರಡು ಭಾಷೆಗಳಿಗೂ ಸಮನಾಗಿರುವುದರಿಂದ ನಮಗೆ ಅರ್ಥ ಹೇಳಬೇಕಾಗಿಲ್ಲ. ಮಾಳಿಗೆಯ ಮೇಲೆ ನಾಲ್ಕು ಚೀಲಗಳಲ್ಲಿ ಹರಿವೆ, ಬಸಳೆ, ಮೆಣಸು, ಕರಿಬೇವುಗಳನ್ನು ಬೆಳೆದರೂ ಸಾಕು. ಬೆಳೆಯುವ ಕಷ್ಟ ತಿಳಿದವನು ಸಂತೆಯಲ್ಲಿ ರೈತಳೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ.

ಸಿಪ್ಪೆಯ ವಿಷಯವೂ ಇಲ್ಲಿಯೇ ಬರುತ್ತದೆ. 2011ರ ಕೊನೆಯಲ್ಲಿ ವಿಳಪ್ಪಿಲ್‌ಶಾಲೆಯ ಜನರು ತಿರುವನಂತಪುರದ ಕಸವನ್ನು ತಮ್ಮ ಊರಿಗೆ ತರಬಾರದೆಂದು ತಡೆದರು. 2023ರ ಮಾರ್ಚಿನಲ್ಲಿ ಬ್ರಹ್ಮಪುರದ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಕೊಚ್ಚಿಯು ಹತ್ತು ದಿನಗಳಿಗೂ ಹೆಚ್ಚು ಕಾಲ ಹೊಗೆ ಕುಡಿಯಿತು. ಹೋಟೆಲಿನ ಬಾಳೆಲೆ, ಸಿಪ್ಪೆ, ಉಳಿದ ಅನ್ನಗಳು ಕೊಳೆತು ಗೊಬ್ಬರವಾಗಿ ಯಾವುದಾದರೊಂದು ತೋಟಕ್ಕೆ ಮರಳಿದರೆ ಅವು ಕಸವಲ್ಲ. ಕಾಯಿ ತಂದುಕೊಡುವ ರೈತನ ಬುಟ್ಟಿ ಹಿಂದಿರುಗುವಾಗ ಬರಿದಾಗಿ ಹೋಗಬೇಕೆಂಬ ನಿಯಮವೇನೂ ಇಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಊರಿನಲ್ಲಿ ಗದ್ದೆಯನ್ನು ಬಿಟ್ಟು ಬಂದವರು. ಆ ಗದ್ದೆಗಳಲ್ಲಿ ಎಷ್ಟೋ ಈಗ ಪಾಳು. ಆ ದುಃಖ ಮಾತನಾಡದೆ ಎಲ್ಲರ ಒಳಗೂ ಇದೆ. ಊರಿನ ಗದ್ದೆಯನ್ನು ಇಲ್ಲಿಂದ ಉಳುವುದು ನಮ್ಮಿಂದಾಗದು. ಆದರೆ ಅನ್ನ ಕೊಟ್ಟ ಈ ನಗರಗಳ ಮಗ್ಗುಲಲ್ಲಿ ಇನ್ನೂ ಉಳುತ್ತಿರುವವರ ಒಂದು ಬುಟ್ಟಿಯನ್ನು ನಮ್ಮ ಅಡಿಗೆಮನೆಗೆ ಬರಮಾಡಿಕೊಳ್ಳಬಹುದು. ನಾಳೆ ಬೆಳಗ್ಗೆ ಸಾಮಾನಿನ ಚೀಟಿ ಬರೆಯುವಾಗ ವಾಚಕರು ಅದರಲ್ಲಿ ಒಂದು ಸಾಲನ್ನು ಈ ಕೆಲಸಕ್ಕಾಗಿ ಬಿಡಲಿ.